ಲಾಕ್ ಆದ ವಿಂಡೋಸ್ ಪ್ರೊಫೈಲ್‌ನಿಂದ ಫೈಲ್ ಹೊರತೆಗೆಯುವುದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ಹಳೆಯ ಯೂಸರ್ ಫೋಲ್ಡರ್ ಕಣ್ಣೆದುರಿಗೇ ಇರುತ್ತದೆ, ಕ್ಲಿಕ್ ಮಾಡಿದರೆ ಅನುಮತಿ ಇಲ್ಲ ಅನ್ನುತ್ತದೆ. ಇಲ್ಲವೇ ಪಾಸ್‌ವರ್ಡ್ ಸರಿಯಾಗಿಯೇ ಹಾಕಿದರೂ ಖಾಲಿ ಡೆಸ್ಕ್‌ಟಾಪ್ ಬಂದು ನಿಲ್ಲುತ್ತದೆ. ಈ ಹೊತ್ತಿನಲ್ಲಿ ಫೈಲ್‌ಗಳು ಸಾಮಾನ್ಯವಾಗಿ ಡಿಸ್ಕ್‌ನಲ್ಲೇ ಕ್ಷೇಮವಾಗಿರುತ್ತವೆ. ಆಮೇಲಿನ ಗಡಿಬಿಡಿಯಲ್ಲಿ ಹೋಗಿಬಿಡುತ್ತವೆ. ಅಕೌಂಟ್ ಡಿಲೀಟ್ ಮಾಡಿ ಅದೇ ಹೆಸರಲ್ಲಿ ಹೊಸದು ಮಾಡುವುದು, ಹಿಂದೆ ಮುಂದೆ ನೋಡದೆ ಪಾಸ್‌ವರ್ಡ್ ರೀಸೆಟ್ ಮಾಡುವುದು, ಕೊನೆಗೆ ಬೇಸತ್ತು ವಿಂಡೋಸ್ ಹೊಸದಾಗಿ ಹಾಕುವುದು. ಜನ ಮತ್ತೆ ಮತ್ತೆ ಎಡವುವ ಜಾಗಗಳು ಇವೇ.

ಆದ್ದರಿಂದ ಇಲ್ಲಿ ಹೇಳುವ ಎಲ್ಲಾ ಹಂತಗಳ ಹಿಂದೆ ಒಂದೇ ಕ್ರಮವಿದೆ: ಮೊದಲು ಫೈಲ್ ಹೊರಗೆ ಬರಲಿ, ಪ್ರೊಫೈಲ್ ರಿಪೇರಿ ಆಮೇಲೆ. ಪ್ರೊಫೈಲ್ ಅಂದರೆ ಒಬ್ಬ ಯೂಸರ್‌ನ ಫೈಲ್, ಸೆಟ್ಟಿಂಗ್ ಎಲ್ಲಾ ಇರುವ ಫೋಲ್ಡರ್. ರಿಪೇರಿ ಕೆಟ್ಟರೆ ಮತ್ತೊಮ್ಮೆ ಮಾಡಬಹುದು. ಫೈಲ್ ಹೋದರೆ ಹಾಗಲ್ಲ.

ಇದು ವಿಂಡೋಸ್ 10 ಮತ್ತು 11ಕ್ಕೆ ಬರೆದದ್ದು. ನಿಮ್ಮದೇ ಕಂಪ್ಯೂಟರ್, ಅಥವಾ ಮಾಲೀಕರು ಒಪ್ಪಿ ನಿಮ್ಮ ಕೈಗೆ ಕೊಟ್ಟ ಕಂಪ್ಯೂಟರ್ ಆಗಿದ್ದರೆ ಮಾತ್ರ ಮುಂದುವರಿಯಿರಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಇಲ್ಲಿನ ಯಾವುದನ್ನೂ ಮಾಡಬೇಡಿ. ಅಲ್ಲಿನ ಐಟಿ ವಿಭಾಗದವರ ಹತ್ತಿರ ಪಾಸ್‌ವರ್ಡ್ ಬದಲಿಸುವ ಅಧಿಕಾರವೂ ಇರುತ್ತದೆ, ಡೇಟಾಗೆ ಹಾಕಿದ ಗುಪ್ತಲಿಪಿ ಬಿಡಿಸುವ ಎನ್‌ಕ್ರಿಪ್ಷನ್ ಕೀ ಕೂಡ ಸಾಮಾನ್ಯವಾಗಿ ಅವರ ಬಳಿಯೇ ಇರುತ್ತದೆ.

## ಕೈ ಹಾಕುವ ಮೊದಲು: ಈ ನಾಲ್ಕನ್ನು ಮಾಡಬೇಡಿ

ಅಕೌಂಟ್ ಡಿಲೀಟ್ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಒಬ್ಬ ಯೂಸರ್‌ನನ್ನು ತೆಗೆದರೆ ಅಲ್ಲಿ ಬರುವ ಬಟನ್‌ನ ಹೆಸರೇ 'ಡಿಲೀಟ್ ಅಕೌಂಟ್ ಅಂಡ್ ಡೇಟಾ'. ಅಕೌಂಟ್ ಜೊತೆ ಡಾಕ್ಯುಮೆಂಟ್ಸ್, ಫೋಟೋ ಎಲ್ಲವೂ ಹೋಗುತ್ತವೆ. ಅದೇ ಹೆಸರಲ್ಲಿ ಹೊಸ ಅಕೌಂಟ್ ಮಾಡಿದರೆ ಹಳೆಯದು ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ. ವಿಂಡೋಸ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಎಸ್‌ಐಡಿ ಎಂಬ ಉದ್ದನೆಯ ಸಂಖ್ಯೆಯಿಂದ. ಹೊಸ ಅಕೌಂಟ್‌ಗೆ ಹೊಸ ಸಂಖ್ಯೆ ಬರುತ್ತದೆ. ಹೆಸರು ಒಂದೇ ಆದರೂ ವಿಂಡೋಸ್ ಪಾಲಿಗೆ ನೀವು ಬೇರೆ ಮನುಷ್ಯ.

ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಈಗಾಗಲೇ ಮಾಡಿಬಿಟ್ಟಿದ್ದರೆ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಇದೆಯಾ ಅಂತ ತಕ್ಷಣ ನೋಡಿ. ಡಿಸ್ಕ್ ಫಾರ್ಮ್ಯಾಟ್ ಆಗಿರದಿದ್ದರೆ ಹಳೆಯ 'ಯೂಸರ್ಸ್' ಫೋಲ್ಡರ್ ಅದರೊಳಗೆ ಇರುವ ಸಾಧ್ಯತೆ ಇದೆ. ವಿಂಡೋಸ್ ಅಪ್‌ಗ್ರೇಡ್ ಆದಾಗ ಈ ಫೋಲ್ಡರ್ 10 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಹಾಗಾಗಿ ನಾಳೆ ನೋಡೋಣ ಅನ್ನಬೇಡಿ.

ಇಡೀ ಸಿ ಡ್ರೈವ್‌ನ ಮಾಲೀಕತ್ವ ಬದಲಿಸಬೇಡಿ. 'ಎಲ್ಲದಕ್ಕೂ ಒಮ್ಮೆಲೇ ಫುಲ್ ಕಂಟ್ರೋಲ್ ಕೊಟ್ಟುಬಿಡಿ' ಎಂಬ ಸಲಹೆ ಬಹಳ ಓಡಾಡುತ್ತದೆ. ಸಿ ಡ್ರೈವ್, 'ವಿಂಡೋಸ್' ಫೋಲ್ಡರ್, ಇಡೀ 'ಯೂಸರ್ಸ್' ಫೋಲ್ಡರ್ ಮೇಲೆ ಹಾಗೆ ಮಾಡಿದರೆ ಚೆನ್ನಾಗಿದ್ದ ಬೇರೆ ಅಕೌಂಟ್‌ಗಳೂ ಕೆಡುತ್ತವೆ, ಅಪ್‌ಡೇಟ್ ಕೈಕೊಡಬಹುದು.

ಡಿಸ್ಕ್ ಸದ್ದು ಮಾಡುತ್ತಿದ್ದರೆ ರಿಪೇರಿ ಟೂಲ್ ಓಡಿಸಬೇಡಿ. ಟಿಕ್ ಟಿಕ್ ಸದ್ದು, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಕಾಯುವುದು, ಕಾಪಿ ವೇಗ ಸೊನ್ನೆಗೆ ಬಂದು ನಿಲ್ಲುವುದು ಕಂಡರೆ ತೊಂದರೆ ಪ್ರೊಫೈಲ್‌ನಲ್ಲಿಲ್ಲ, ಡಿಸ್ಕ್‌ನಲ್ಲಿದೆ. 'ಚೆಕ್ ಡಿಸ್ಕ್' ಓಡಿಸಿದರೆ ಸಾಯುತ್ತಿರುವ ಡಿಸ್ಕ್‌ಗೆ ಕೆಲಸ ಜಾಸ್ತಿಯಾಗುತ್ತದೆ ಅಷ್ಟೇ. ತೀರಾ ಬೇಕಾದ ಫೋಲ್ಡರ್ ಒಂದನ್ನು ಮೊದಲು ಕಾಪಿ ಮಾಡಿ. ಅದೂ ಆಗದಿದ್ದರೆ ಕಂಪ್ಯೂಟರ್ ಆಫ್ ಮಾಡಿ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

## ಬೇಕಾಗುವ ಸಾಮಾನು

ಒಂದು ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್. ಅದರ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಫ್ಯಾಟ್ 32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ವಿಡಿಯೋ ಮತ್ತು ಮೇಲ್ ಫೈಲ್‌ಗಳು ಅಲ್ಲೇ ನಿಂತುಬಿಡುತ್ತವೆ.

ಇಂಟರ್ನೆಟ್ ಇರುವ ಇನ್ನೊಂದು ಫೋನ್ ಅಥವಾ ಕಂಪ್ಯೂಟರ್. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಹಾಕಿಯೇ ಇಡಿ, ಅರ್ಧ ಕಾಪಿಯಲ್ಲಿ ಬ್ಯಾಟರಿ ಮುಗಿಯಬಾರದು. ಜೊತೆಗೆ ಕಾಗದ, ಪೆನ್ನು. ಪರದೆ ಮೇಲೆ ಬರುವ ತಪ್ಪಿನ ಸಂದೇಶವನ್ನು ಅಕ್ಷರಶಃ ಬರೆದಿಟ್ಟುಕೊಳ್ಳಿ ಅಥವಾ ಫೋನ್‌ನಲ್ಲಿ ಫೋಟೋ ತೆಗೆಯಿರಿ. ಮುಂದಿನ ಹಂತಕ್ಕೆ ಅದೇ ಆಧಾರ.

## ಹಂತ 1: ಯಾವ ಬಗೆಯ ಲಾಕ್ ಅಂತ ಗುರುತಿಸಿ

'ಲಾಕ್ ಆಗಿದೆ' ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಕೆಲಸ ಕೆಡುತ್ತದೆ.

ಪಾಸ್‌ವರ್ಡ್ ಅಥವಾ ಪಿನ್ ಒಪ್ಪುತ್ತಿಲ್ಲ. ಪ್ರೊಫೈಲ್ ಚೆನ್ನಾಗಿದೆ, ಬಾಗಿಲು ಮಾತ್ರ ಮುಚ್ಚಿದೆ. ಹಂತ 3ಕ್ಕೆ ಹೋಗಿ, ಆದರೆ ಹಂತ 2 ಓದಿಕೊಂಡೇ ಹೋಗಿ.

ಲಾಗಿನ್ ಆಗುತ್ತದೆ, ಆದರೆ ಎಲ್ಲಾ ಖಾಲಿ. ವಾಲ್‌ಪೇಪರ್ ಬದಲಾಗಿದೆ, ಡೆಸ್ಕ್‌ಟಾಪ್‌ನಲ್ಲಿ ಏನೂ ಇಲ್ಲ, ನಿಮ್ಮ ಅಕೌಂಟ್‌ಗೆ ಸೈನ್ ಇನ್ ಆಗಲು ಆಗುತ್ತಿಲ್ಲ ಎಂಬ ಸೂಚನೆ ಬಂದಿದೆ. ಇದು ಟೆಂಪರರಿ ಪ್ರೊಫೈಲ್. ನಿಮ್ಮ ಅಸಲಿ ಪ್ರೊಫೈಲನ್ನು ವಿಂಡೋಸ್‌ಗೆ ಓದಲು ಆಗಲಿಲ್ಲ, ಹಾಗಾಗಿ ಹೊತ್ತಿಗೊಂದು ಅಂತ ಖಾಲಿ ಪ್ರೊಫೈಲ್ ಕೊಟ್ಟಿದೆ. ಇದರ ಡೆಸ್ಕ್‌ಟಾಪ್‌ನಲ್ಲಾಗಲಿ ಡಾಕ್ಯುಮೆಂಟ್ಸ್‌ನಲ್ಲಾಗಲಿ ಏನನ್ನೂ ಸೇವ್ ಮಾಡಬೇಡಿ. ಸೈನ್ ಔಟ್ ಆದ ಕೂಡಲೇ ಅಳಿಸಿಹೋಗುತ್ತದೆ. ಹಂತ 4ಕ್ಕೆ ಹೋಗಿ.

'ಯೂಸರ್ ಪ್ರೊಫೈಲ್ ಸರ್ವಿಸ್' ವಿಫಲವಾಯಿತು ಅಂತ ಬಂದು ಲಾಗಿನ್ ಪರದೆಗೇ ವಾಪಸ್ ತಳ್ಳುತ್ತದೆ. ಪಾಸ್‌ವರ್ಡ್ ಸರಿಯಿದೆ, ಪ್ರೊಫೈಲ್ ಕೆಟ್ಟಿದೆ. ಬೇರೆ ಅಡ್ಮಿನ್ ಅಕೌಂಟ್ (ಕಂಪ್ಯೂಟರ್‌ನ ಪೂರ್ತಿ ಅಧಿಕಾರ ಇರುವ ಅಕೌಂಟ್) ಇದ್ದರೆ ಹಂತ 4, ಇಲ್ಲದಿದ್ದರೆ ಹಂತ 6.

ಬೇರೆ ಅಕೌಂಟ್‌ನಿಂದ ಫೋಲ್ಡರ್ ತೆರೆದರೆ ಅನುಮತಿ ಇಲ್ಲ. ಇದು ಸಹಜ. ಒಬ್ಬರ ಫೋಲ್ಡರ್ ಇನ್ನೊಬ್ಬರಿಗೆ ಕಾಣದಂತೆ ಇಡುವುದೇ ವಿಂಡೋಸ್‌ನ ಕೆಲಸ. ಹಂತ 4 ಮತ್ತು 5 ಇದಕ್ಕೇ.

ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳುತ್ತಿದೆ. ಇದು ಬಿಟ್‌ಲಾಕರ್. ಪ್ರೊಫೈಲ್‌ಗೂ ಇದಕ್ಕೂ ಸಂಬಂಧವಿಲ್ಲ, ಇಡೀ ಡಿಸ್ಕ್ ಲಾಕ್ ಆಗಿದೆ. ಹಂತ 2 ನೋಡಿ.

## ಹಂತ 2: ಎನ್‌ಕ್ರಿಪ್ಷನ್ ಇದೆಯಾ ನೋಡಿ

ಈ ಹಂತವನ್ನು ಹಾರಿಸಿದವರೇ ಜಾಸ್ತಿ ಕಳೆದುಕೊಳ್ಳುವುದು. ಅನುಮತಿ ಇಲ್ಲದಿರುವುದು ಬಾಗಿಲಿಗೆ ಹಾಕಿದ ಬೀಗದಂತೆ, ಮನೆಯ ಯಜಮಾನ ಅದನ್ನು ತೆಗೆಸಬಹುದು. ಎನ್‌ಕ್ರಿಪ್ಷನ್ ಹಾಗಲ್ಲ. ಅಲ್ಲಿ ಫೈಲ್‌ನ ಒಳಗಿನ ಅಕ್ಷರಗಳೇ ಬದಲಾಗಿರುತ್ತವೆ, ಕೀ ಇಲ್ಲದೆ ಅಡ್ಮಿನ್‌ಗೂ ಓದಲಾಗುವುದಿಲ್ಲ.

ವಿಂಡೋಸ್‌ನಲ್ಲಿ ಎರಡು ಬಗೆ ಇದೆ.

ಮೊದಲನೆಯದು ಬಿಟ್‌ಲಾಕರ್. ಇದು ಇಡೀ ಡ್ರೈವ್‌ಗೆ. ನೀವಾಗಿ ಆನ್ ಮಾಡಿರದಿದ್ದರೂ ಇರಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೈನ್ ಇನ್ ಆದ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಹೆಸರಲ್ಲಿ ಅದು ತಾನಾಗಿ ಆನ್ ಆಗಿರುತ್ತದೆ. ಹಾಗೆ ಆನ್ ಆದಾಗ ಕೀ ಅದೇ ಅಕೌಂಟ್‌ನಲ್ಲಿ ಜಮಾ ಆಗಿರುತ್ತದೆ. ಇನ್ನೊಂದು ಫೋನ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, 'ಡಿವೈಸಸ್' ಒಳಗೆ ನಿಮ್ಮ ಕಂಪ್ಯೂಟರ್ ಆರಿಸಿ, ರಿಕವರಿ ಕೀ ನೋಡಿ. ಆರು ಅಂಕಿಯ ಎಂಟು ಗುಂಪುಗಳಲ್ಲಿ ಅದು ಇರುತ್ತದೆ. ಒಂದಕ್ಕಿಂತ ಹೆಚ್ಚು ಕೀ ಕಂಡರೆ, ನೀಲಿ ಪರದೆಯಲ್ಲಿ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರಗಳನ್ನು ಹೊಂದಿಸಿ ನೋಡಿ. ಅಲ್ಲಿ ಇಲ್ಲದಿದ್ದರೆ ಹಳೆಯ ಪ್ರಿಂಟ್, ಪೆನ್‌ಡ್ರೈವ್‌ನಲ್ಲಿರುವ ಟೆಕ್ಸ್ಟ್ ಫೈಲ್, ಲ್ಯಾಪ್‌ಟಾಪನ್ನು ಮೊದಲು ಸೆಟಪ್ ಮಾಡಿಕೊಟ್ಟವರ ಮೈಕ್ರೋಸಾಫ್ಟ್ ಅಕೌಂಟ್ ಇವನ್ನೆಲ್ಲಾ ಹುಡುಕಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಮನೆಯ ಬೇರೆಯವರ ಅಕೌಂಟ್‌ನಲ್ಲಿ ಕೀ ಸಿಕ್ಕಿದ ಉದಾಹರಣೆಗಳು ಬೇಕಾದಷ್ಟಿವೆ.

ಕೀ ಕೈಗೆ ಸಿಗುವ ಮೊದಲು ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಮುಟ್ಟಬೇಡಿ, ಡಿಸ್ಕ್ ಬಿಚ್ಚಬೇಡಿ. ಇಲ್ಲಿಯವರೆಗೆ ಕೀ ಕೇಳದ ಕಂಪ್ಯೂಟರ್ ಕೂಡ ಅಷ್ಟಕ್ಕೇ ಕೇಳಲು ಶುರು ಮಾಡಬಹುದು.

ಎರಡನೆಯದು ಇಎಫ್‌ಎಸ್. ಇದು ಒಂದೊಂದು ಫೈಲ್‌ಗೆ. ಹೋಮ್ ಆವೃತ್ತಿಯಲ್ಲಿ ಇದು ಇಲ್ಲ, ಪ್ರೋ ಆವೃತ್ತಿಯಲ್ಲಿ ಇರುತ್ತದೆ. ಫೈಲ್‌ನ ಐಕಾನ್ ಮೇಲೆ ಪುಟ್ಟ ಬೀಗ ಕಂಡರೆ ಅನುಮಾನಪಡಿ. ಖಚಿತವಾಗಲು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅಲ್ಲಿ 'ಅಡ್ವಾನ್ಸ್ಡ್' ಒತ್ತಿ. ಡೇಟಾ ಎನ್‌ಕ್ರಿಪ್ಟ್ ಮಾಡುವ ಆಯ್ಕೆಗೆ ಟಿಕ್ ಬಿದ್ದಿದ್ದರೆ ಇಎಫ್‌ಎಸ್ ಇದೆ ಅಂತಲೇ ಅರ್ಥ. ಇಂಥ ಫೈಲ್‌ನ ಕೀ ನಿಮ್ಮ ಹಳೆಯ ಪಾಸ್‌ವರ್ಡ್‌ಗೆ ಅಂಟಿಕೊಂಡಿರುತ್ತದೆ. ಆ ಕೀ ಇರುವ ಸರ್ಟಿಫಿಕೇಟ್‌ನ ಬ್ಯಾಕಪ್ ಫೈಲ್ ಇದ್ದರೆ ಅದನ್ನು ಡಬಲ್ ಕ್ಲಿಕ್ ಮಾಡಿ, ಆಗ ಇಟ್ಟಿದ್ದ ಪಾಸ್‌ವರ್ಡ್ ಕೊಟ್ಟು ಇಂಪೋರ್ಟ್ ಮಾಡಿ. ಫೈಲ್‌ಗಳು ತೆರೆದುಕೊಳ್ಳುತ್ತವೆ. ಬ್ಯಾಕಪ್ ಇಲ್ಲದಿದ್ದರೆ ಹಳೆಯ ಪಾಸ್‌ವರ್ಡ್ ಒಂದೇ ದಾರಿ.

## ಹಂತ 3: ಪಾಸ್‌ವರ್ಡ್ ತೊಂದರೆ ಮಾತ್ರವಾದರೆ

ಮೊದಲು ಸಣ್ಣ ಕಾರಣಗಳನ್ನು ನೋಡಿ. ಲಾಗಿನ್ ಪರದೆಯ ಮೂಲೆಯಲ್ಲಿ ಕೀಬೋರ್ಡ್ ಭಾಷೆ ಬದಲಾಗಿದೆಯಾ? ಕ್ಯಾಪ್ಸ್ ಲಾಕ್, ನಮ್ ಲಾಕ್ ಸರಿಯಿದೆಯಾ? ಪಾಸ್‌ವರ್ಡ್ ಪೆಟ್ಟಿಗೆಯ ಕಣ್ಣಿನ ಗುರುತು ಒತ್ತಿ, ಬೆರಳು ಒತ್ತಿದ್ದು ಅದೇ ಅಕ್ಷರವಾ ಅಂತ ನೋಡಿ. ಪಿನ್ ಬೇರೆ, ಪಾಸ್‌ವರ್ಡ್ ಬೇರೆ ಎಂಬುದೂ ನೆನಪಿರಲಿ. ಪಿನ್ ಮರೆತವರು 'ಸೈನ್ ಇನ್ ಆಪ್ಷನ್ಸ್' ಒತ್ತಿ ಪಾಸ್‌ವರ್ಡ್‌ನಿಂದ ಒಳಗೆ ಹೋಗಬಹುದು.

ಸುಮ್ನೆ ಒಂದಾದ ಮೇಲೊಂದು ಊಹೆ ಮಾಡುತ್ತಾ ಕೂರಬೇಡಿ. ವಿಂಡೋಸ್ 11ರ 22ಎಚ್2 ಅಥವಾ ಅದರ ನಂತರದ ಆವೃತ್ತಿಯನ್ನು ಹೊಸದಾಗಿ ಹಾಕಿದ ಕಂಪ್ಯೂಟರ್‌ನಲ್ಲಿ 10 ಸಲ ತಪ್ಪಾದರೆ ಅಕೌಂಟ್ 10 ನಿಮಿಷ ಲಾಕ್ ಆಗುತ್ತದೆ. ಅಕೌಂಟ್ 'ಲಾಕ್ಡ್ ಔಟ್' ಆಗಿದೆ ಎಂಬ ಸಂದೇಶ ಬಂದರೆ ಪ್ರೊಫೈಲ್‌ಗೆ ಏನೂ ಆಗಿಲ್ಲ. ಎದ್ದು ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬನ್ನಿ.

ಮೈಕ್ರೋಸಾಫ್ಟ್ ಅಕೌಂಟ್ ಆದರೆ ಇನ್ನೊಂದು ಸಾಧನದಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡಿ. ಆಮೇಲೆ ಲಾಕ್ ಆದ ಕಂಪ್ಯೂಟರನ್ನು ಲಾಗಿನ್ ಪರದೆಯಿಂದಲೇ ವೈಫೈಗೆ ಸೇರಿಸಿ. ಇಂಟರ್ನೆಟ್ ಇಲ್ಲದಿದ್ದರೆ ಅದಕ್ಕೆ ಹೊಸ ಪಾಸ್‌ವರ್ಡ್ ಗೊತ್ತಾಗುವುದೇ ಇಲ್ಲ, ಹಳೆಯದನ್ನೇ ಕೇಳುತ್ತಾ ಇರುತ್ತದೆ. ರೀಸೆಟ್ ಮಾಡಿಯೂ ಒಳಗೆ ಹೋಗಲಾಗದವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಲೋಕಲ್ ಅಕೌಂಟ್ (ಈ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಅಕೌಂಟ್) ಆದರೆ ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ ಕೆಳಗೆ 'ರೀಸೆಟ್ ಪಾಸ್‌ವರ್ಡ್' ಕಾಣುತ್ತದೆ. ಅಕೌಂಟ್ ಮಾಡುವಾಗ ಸೆಕ್ಯೂರಿಟಿ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರೆ ಅಲ್ಲಿಂದ ದಾರಿ ಸಿಗುತ್ತದೆ. ಮುಂಚೆಯೇ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು.

ಇನ್ನೊಂದು ಅಡ್ಮಿನ್ ಅಕೌಂಟ್‌ನಿಂದ ಪಾಸ್‌ವರ್ಡ್ ಬದಲಿಸುವುದು ಕೊನೆಯ ಆಯ್ಕೆ. ಹಾಗೆ ಬದಲಿಸಿದಾಗ ಇಎಫ್‌ಎಸ್ ಫೈಲ್‌ಗಳು, ಪರ್ಸನಲ್ ಸರ್ಟಿಫಿಕೇಟ್‌ಗಳು, ಸೇವ್ ಆಗಿದ್ದ ಪಾಸ್‌ವರ್ಡ್‌ಗಳು ಕೈತಪ್ಪುತ್ತವೆ. ಕಂಟ್ರೋಲ್ ಪ್ಯಾನೆಲ್ ಇದನ್ನು ಎಚ್ಚರಿಕೆಯಾಗಿ ತೋರಿಸುತ್ತದೆ, ಓದದೆ ಮುಂದೆ ಒತ್ತುವವರೇ ಹೆಚ್ಚು. ನಿಮಗೆ ಬೇಕಿರುವುದು ಫೈಲ್ ಮಾತ್ರವಾದರೆ ಪಾಸ್‌ವರ್ಡ್ ಬದಲಿಸುವ ಅಗತ್ಯವೇ ಇಲ್ಲ, ಹಂತ 4 ಸಾಕು. ಈಗಾಗಲೇ ಬದಲಿಸಿ ಫೈಲ್ ತೆರೆಯುತ್ತಿಲ್ಲವಾ? ಹಳೆಯ ಪಾಸ್‌ವರ್ಡ್ ಎಂದಾದರೂ ನೆನಪಾದರೆ ಮತ್ತೆ ಅದನ್ನೇ ಇಡಿ. ಹಳೆಯ ಕೀಗಳು ತೆರೆದುಕೊಳ್ಳುತ್ತವೆ. ಅಲ್ಲಿಯವರೆಗೆ ಆ ಪ್ರೊಫೈಲ್ ಫೋಲ್ಡರನ್ನು ಮುಟ್ಟಬೇಡಿ, ಏಕೆಂದರೆ ಕೀಗಳು ಅದರೊಳಗೇ ಇರುತ್ತವೆ.

## ಹಂತ 4: ಇನ್ನೊಂದು ಅಕೌಂಟ್‌ನಿಂದ ಫೋಲ್ಡರ್ ತೆರೆಯುವುದು

ಮೊದಲು ಟೆಂಪರರಿ ಪ್ರೊಫೈಲ್‌ನಲ್ಲಿ ಇರುವವರಿಗೆ ಒಂದು ನೆಮ್ಮದಿಯ ಮಾತು. ಪ್ರೊಫೈಲ್ ಖಾಲಿ ಕಂಡರೂ ನಿಮ್ಮ ಎಸ್‌ಐಡಿ ಅದೇ ಹಳೆಯದು. ಹಾಗಾಗಿ ಸಿ ಡ್ರೈವ್‌ನ 'ಯೂಸರ್ಸ್' ಒಳಗೆ ನಿಮ್ಮ ಹಳೆಯ ಹೆಸರಿನ ಫೋಲ್ಡರ್ ಅನುಮತಿಯ ರಗಳೆ ಇಲ್ಲದೆ ತೆರೆದುಕೊಳ್ಳಬೇಕು. ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ, ನೇರ ಹಂತ 7ಕ್ಕೆ ಹೋಗಿ.

ಉಳಿದವರು ಅಡ್ಮಿನ್ ಅಧಿಕಾರ ಇರುವ ಬೇರೊಂದು ಅಕೌಂಟ್‌ನಿಂದ ಲಾಗಿನ್ ಆಗಿ. ಸಾಮಾನ್ಯ ಅಕೌಂಟ್ ಸಾಲದು.

'ಯೂಸರ್ಸ್' ತೆರೆದಾಗ ಯಾವುದು ಅಸಲಿ ಫೋಲ್ಡರ್ ಅಂತ ಗೊಂದಲ ಆಗಬಹುದು. ನಿಮ್ಮ ಹೆಸರಿನದು ಒಂದು, ಹೆಸರಿನ ನಂತರ ಚುಕ್ಕೆ ಹಾಕಿ ಕಂಪ್ಯೂಟರ್ ಹೆಸರು ಸೇರಿದ್ದು ಇನ್ನೊಂದು, ಚುಕ್ಕೆ ಮತ್ತು ಮೂರು ಸೊನ್ನೆ ಇರುವುದು ಮತ್ತೊಂದು, 'ಟೆಂಪ್' ಅಂತ ಮಗದೊಂದು. ಪ್ರೊಫೈಲ್ ಕೆಟ್ಟಾಗಲೆಲ್ಲಾ ವಿಂಡೋಸ್ ಹೀಗೆ ಪಕ್ಕದಲ್ಲಿ ಹೊಸದನ್ನು ಮಾಡುತ್ತದೆ. ಅನುಮತಿ ಸಿಕ್ಕಿದ ಮೇಲೆ ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಗಾತ್ರ ನೋಡಿ. ಕೆಲವು ಎಂಬಿ ಇರುವುದು ಹೊಸದು, ಜಿಬಿಗಟ್ಟಲೆ ಇರುವುದು ಸಾಮಾನ್ಯವಾಗಿ ನಿಮ್ಮದು.

ಈಗ ಹೀಗೆ ಮಾಡಿ.

1. ಆ ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿ. ಈಗ ಅನುಮತಿ ಇಲ್ಲ, ಶಾಶ್ವತ ಅನುಮತಿಗೆ 'ಕಂಟಿನ್ಯೂ' ಒತ್ತಿ ಎಂಬ ಪೆಟ್ಟಿಗೆ ಬರುತ್ತದೆ.
2. 'ಕಂಟಿನ್ಯೂ' ಒತ್ತಿ. ವಿಳಾಸದ ಪಟ್ಟಿಯಲ್ಲಿ ಹಸಿರು ಗೆರೆ ನಿಧಾನವಾಗಿ ಓಡುತ್ತದೆ. ಒಳಗೆ ಫೈಲ್ ಜಾಸ್ತಿ ಇದ್ದರೆ ಹತ್ತಾರು ನಿಮಿಷವೂ ಆಗಬಹುದು.
3. ನಿಂತುಹೋಯಿತು ಅಂದುಕೊಂಡು ಕಿಟಕಿ ಮುಚ್ಚಬೇಡಿ. ಅರ್ಧಕ್ಕೆ ಮುಚ್ಚಿದರೆ ಕೆಲವು ಫೋಲ್ಡರ್‌ಗೆ ಅನುಮತಿ ಸಿಕ್ಕಿ ಕೆಲವಕ್ಕೆ ಸಿಗದೆ ಉಳಿಯುತ್ತದೆ.

ಒಳಗೆ ಹೋದ ಮೇಲೆ 'ಅಪ್ಲಿಕೇಷನ್ ಡೇಟಾ', 'ಲೋಕಲ್ ಸೆಟ್ಟಿಂಗ್ಸ್', 'ಮೈ ಡಾಕ್ಯುಮೆಂಟ್ಸ್' ಎಂಬ ಮಸುಕಾದ ಐಕಾನ್‌ಗಳು ಕಂಡರೆ, ಅವು ತೆರೆಯದಿದ್ದರೆ ಗಾಬರಿ ಬೇಡ. ಅವು ನಿಜವಾದ ಫೋಲ್ಡರ್‌ಗಳಲ್ಲ. ಹಳೆಯ ಪ್ರೋಗ್ರಾಂಗಳಿಗೆ ಹೊಸ ಜಾಗ ತೋರಿಸಲು ಇಟ್ಟ ಕೈಮರಗಳು. ತೆರೆಯದಂತೆ ಬೇಕೆಂದೇ ಮಾಡಿರುತ್ತಾರೆ. ಇವುಗಳ ಅನುಮತಿ ಬದಲಿಸಿದರೆ ಕಾಪಿ ಮಾಡುವಾಗ ಒಂದೇ ಫೋಲ್ಡರ್ ತನ್ನೊಳಗೆ ತಾನೇ ಸುತ್ತುತ್ತಾ ಮುಗಿಯದ ಹಾಗೆ ಆಗಬಹುದು.

## ಹಂತ 5: 'ಕಂಟಿನ್ಯೂ' ಒತ್ತಿದರೂ ಆಗದಿದ್ದರೆ ಮಾಲೀಕತ್ವ ಬದಲಿಸುವುದು

ಡಿಸ್ಕ್ ಬೇರೆ ಕಂಪ್ಯೂಟರ್‌ನಿಂದ ಬಂದಿದ್ದರೆ, ಅಥವಾ ವಿಂಡೋಸ್ ಹೊಸದಾಗಿ ಹಾಕಿದ್ದರೆ ಹೀಗಾಗುತ್ತದೆ. ಸೆಕ್ಯೂರಿಟಿ ಪಟ್ಟಿಯಲ್ಲಿ ಹೆಸರಿನ ಬದಲು ಎಸ್ ಅಕ್ಷರದಿಂದ ಶುರುವಾಗುವ ಉದ್ದನೆಯ ಸಂಖ್ಯೆ ಕಾಣುತ್ತದೆ. ಅದು ಹಳೆಯ ಅಕೌಂಟ್‌ನ ಎಸ್‌ಐಡಿ. ಈ ವಿಂಡೋಸ್‌ಗೆ ಅದು ಯಾರದ್ದೆಂದು ಗೊತ್ತಿಲ್ಲ.

ಇಡೀ ಪ್ರೊಫೈಲ್‌ಗೆ ಕೈ ಹಾಕುವ ಬದಲು ಬೇಕಾದ ಫೋಲ್ಡರ್‌ಗೆ ಮಾತ್ರ ಮಾಡಿ. ಮೊದಲು ಹೊರಗಿನ ಪ್ರೊಫೈಲ್ ಫೋಲ್ಡರ್‌ಗೆ, ಒಳಗಿನವಕ್ಕೆ ಹರಡದಂತೆ. ಆಮೇಲೆ 'ಡಾಕ್ಯುಮೆಂಟ್ಸ್', 'ಪಿಕ್ಚರ್ಸ್' ಹೀಗೆ ಒಂದೊಂದಾಗಿ.

1. ಫೋಲ್ಡರ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಸೆಕ್ಯೂರಿಟಿ', ಕೆಳಗಿನ 'ಅಡ್ವಾನ್ಸ್ಡ್'.
2. ಮೇಲ್ಗಡೆ 'ಓನರ್' ಸಾಲಿನ ಪಕ್ಕದ 'ಚೇಂಜ್' ಒತ್ತಿ. ನಿಮ್ಮ ಈಗಿನ ಅಕೌಂಟ್ ಹೆಸರು ಬರೆದು 'ಚೆಕ್ ನೇಮ್ಸ್' ಒತ್ತಿ. ಹೆಸರಿನ ಕೆಳಗೆ ಗೆರೆ ಬಿದ್ದರೆ ಸರಿಯಾಗಿದೆ. 'ಓಕೆ'.
3. ಓನರ್ ಹೆಸರಿನ ಕೆಳಗೆ, ಒಳಗಿನ ಫೋಲ್ಡರ್ ಮತ್ತು ಫೈಲ್‌ಗಳಿಗೂ ಓನರ್ ಬದಲಿಸುವ ಒಂದು ಚೌಕ ಬರುತ್ತದೆ. 'ಡಾಕ್ಯುಮೆಂಟ್ಸ್' ಮೊದಲಾದವಕ್ಕೆ ಅದನ್ನು ಟಿಕ್ ಮಾಡಿ. ಹೊರಗಿನ ಪ್ರೊಫೈಲ್ ಫೋಲ್ಡರ್‌ಗೆ ಬೇಡ. 'ಅಪ್ಲೈ' ಒತ್ತಿ.
4. ಎಲ್ಲಾ ಕಿಟಕಿ ಮುಚ್ಚಿ, 'ಪ್ರಾಪರ್ಟೀಸ್' ಮತ್ತೆ ಹೊಸದಾಗಿ ತೆರೆಯಿರಿ. ಮುಚ್ಚದೆ ಮುಂದುವರಿದರೆ ಮುಂದಿನ ಬಟನ್‌ಗಳು ಕೆಲಸ ಮಾಡುವುದಿಲ್ಲ.
5. ಮತ್ತೆ 'ಅಡ್ವಾನ್ಸ್ಡ್', 'ಆಡ್', 'ಸೆಲೆಕ್ಟ್ ಎ ಪ್ರಿನ್ಸಿಪಲ್'. ಅದೇ ಹೆಸರು ಕೊಡಿ. ಕಾಪಿ ಮಾಡಲು 'ರೀಡ್ ಅಂಡ್ ಎಕ್ಸಿಕ್ಯೂಟ್' ಸಾಕು, 'ಫುಲ್ ಕಂಟ್ರೋಲ್' ಬೇಕಿಲ್ಲ. ಹೊರಗಿನ ಪ್ರೊಫೈಲ್ ಫೋಲ್ಡರ್‌ನಲ್ಲಿ ಇದೇ ಕಿಟಕಿಯ 'ಅಪ್ಲೈಸ್ ಟು' ಪಟ್ಟಿಯಿಂದ 'ದಿಸ್ ಫೋಲ್ಡರ್ ಓನ್ಲಿ' ಆರಿಸಿ.

ಕೆಳಗೆ ಇನ್ನೊಂದು ಚೌಕ ಇರುತ್ತದೆ, ಒಳಗಿನ ಎಲ್ಲದರ ಅನುಮತಿ ಪಟ್ಟಿಯನ್ನೇ ಅಳಿಸಿ ಹೊಸದು ಬರೆಯುವುದು. ಅದನ್ನು ಟಿಕ್ ಮಾಡಬೇಡಿ. ಈ ಪ್ರೊಫೈಲನ್ನು ಮುಂದೆ ರಿಪೇರಿ ಮಾಡಿ ಬಳಸುವ ಆಸೆ ಇದ್ದರೆ ಹಳೆಯ ಅನುಮತಿಗಳು ಹಾಗೇ ಉಳಿಯಬೇಕು.

ಮಾಲೀಕತ್ವ ಸಿಕ್ಕಿ, ಅನುಮತಿ ಸಿಕ್ಕಿ, ಆದರೂ ಫೈಲ್ ತೆರೆಯುತ್ತಿಲ್ಲ ಅಂದರೆ ಅದು ಇಎಫ್‌ಎಸ್ ಇರುವ ಲಕ್ಷಣ. ಇನ್ನಷ್ಟು ಅನುಮತಿ ಕೊಡುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ. ಹಂತ 2ಕ್ಕೆ ವಾಪಸ್ ಹೋಗಿ.

## ಹಂತ 6: ಬೇರೆ ಅಕೌಂಟ್ ಇಲ್ಲ, ಅಥವಾ ವಿಂಡೋಸ್ ಏಳುತ್ತಲೇ ಇಲ್ಲ

ಮೂರು ದಾರಿಗಳಿವೆ. ಸುಲಭದ್ದರಿಂದ ಶುರು ಮಾಡಿ.

ಸೇಫ್ ಮೋಡ್, ಅಂದರೆ ತೀರಾ ಅಗತ್ಯದ್ದನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಏಳುವ ಬಗೆ. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು 'ರೀಸ್ಟಾರ್ಟ್' ಕೊಡಿ. 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್', 'ರೀಸ್ಟಾರ್ಟ್'. ಪಟ್ಟಿ ಬಂದಾಗ 4 ಒತ್ತಿ. ಪ್ರೊಫೈಲನ್ನು ಇನ್ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿದ್ದರೆ ಇಲ್ಲಿ ಸರಿಯಾಗಿ ಲಾಗಿನ್ ಆಗುತ್ತದೆ. ಆದ ಕೂಡಲೇ ಫೈಲ್ ಕಾಪಿ ಮಾಡಿ, ಬೇರೆ ಕೆಲಸ ಆಮೇಲೆ.

ರಿಕವರಿ ಪರದೆಯ ನೋಟ್‌ಪ್ಯಾಡ್. ಅದೇ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ 'ಕಮಾಂಡ್ ಪ್ರಾಂಪ್ಟ್' ಆರಿಸಿ. ಬಿಟ್‌ಲಾಕರ್ ಇದ್ದರೆ ಇಲ್ಲಿ 48 ಅಂಕಿಯ ಕೀ ಕೇಳುತ್ತದೆ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 'ಫೈಲ್', 'ಓಪನ್' ಕೊಡಿ. ಕೆಳಗಿನ ಪಟ್ಟಿಯಲ್ಲಿ ಟೆಕ್ಸ್ಟ್ ಫೈಲ್ ಬದಲು 'ಆಲ್ ಫೈಲ್ಸ್' ಆರಿಸಿ. ಈಗ ಈ ಪುಟ್ಟ ಪೆಟ್ಟಿಗೆಯೇ ನಿಮ್ಮ ಫೈಲ್ ಎಕ್ಸ್‌ಪ್ಲೋರರ್. ಡ್ರೈವ್ ಅಕ್ಷರಗಳು ಇಲ್ಲಿ ಅದಲುಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಡಿ ಅಂತಲೋ ಇ ಅಂತಲೋ ಕಾಣಬಹುದು. 'ಯೂಸರ್ಸ್' ಫೋಲ್ಡರ್ ಎಲ್ಲಿದೆ ಅಂತ ನೋಡಿ ಗುರುತಿಸಿ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಪಿ', ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋಗಿ 'ಪೇಸ್ಟ್'. ಎಷ್ಟು ಆಯಿತು ಅಂತ ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಸತ್ತುಹೋದಂತೆ ಕಾಣುತ್ತದೆ. ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಸುಮ್ಮನೆ ಕಾಯಿರಿ. ಒಮ್ಮೆಗೆ ಒಂದೇ ಫೋಲ್ಡರ್ ಕಾಪಿ ಮಾಡಿದರೆ ಎಲ್ಲಿ ನಿಂತಿತು ಅಂತ ತಿಳಿಯುವುದು ಸುಲಭ.

ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕುವುದು. ಡಿಸ್ಕ್‌ಗೆ ಹೊಂದುವ ಯುಎಸ್‌ಬಿ ಕೇಸ್ ಬೇಕು. ಸಾಧ್ಯವಿದ್ದರೆ ಮೊದಲು ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ: ಶಿಫ್ಟ್ ಹಿಡಿದು 'ಶಟ್ ಡೌನ್' ಒತ್ತಿ. ಮಾಮೂಲಿ ಶಟ್ ಡೌನ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಡಿಸ್ಕ್ ಅನ್ನು ಅರೆನಿದ್ದೆಯಲ್ಲಿ ಬಿಟ್ಟಿರುತ್ತದೆ. ಬಿಟ್‌ಲಾಕರ್ ಇದ್ದರೆ ಬೇರೆ ವಿಂಡೋಸ್ ಕಂಪ್ಯೂಟರ್ ಕೀ ಕೇಳಿ ತೆರೆಯುತ್ತದೆ, ಅದು ಹೋಮ್ ಆವೃತ್ತಿ ಆದರೂ ಸರಿ. ಆಮೇಲೆ ಹಂತ 4 ಮತ್ತು 5. 'ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ' ಅಂತ ವಿಂಡೋಸ್ ಕೇಳಿದರೆ 'ಕ್ಯಾನ್ಸಲ್' ಒತ್ತಿ. ಯಾವ ಕಾರಣಕ್ಕೂ ಒಪ್ಪಬೇಡಿ.

## ಹಂತ 7: ಏನನ್ನು ಕಾಪಿ ಮಾಡಬೇಕು, ಹೇಗೆ

ಕಾಪಿ ಮಾಡಿ, ಕಟ್ ಮಾಡಬೇಡಿ. ಮಧ್ಯೆ ನಿಂತರೆ ಕಟ್ ಮಾಡಿದ ಫೈಲ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಇನ್ನೊಂದು ಕಾರಣವೂ ಇದೆ. ಅದೇ ಡ್ರೈವ್‌ನೊಳಗೆ ಕಟ್ ಮಾಡಿ ಹಾಕಿದ ಫೈಲ್ ಹಳೆಯ ಅನುಮತಿಗಳನ್ನೇ ಹೊತ್ತು ತರುತ್ತದೆ. ಕಾಪಿ ಆದದ್ದು ಹೊಸ ಜಾಗದ ಅನುಮತಿ ಪಡೆಯುತ್ತದೆ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲರಿಗೂ ನೆನಪಿರುತ್ತವೆ. 'ಡಾಕ್ಯುಮೆಂಟ್ಸ್' ಖಾಲಿ ಕಂಡರೆ ಪಕ್ಕದ 'ಒನ್‌ಡ್ರೈವ್' ಫೋಲ್ಡರ್ ತೆರೆಯಿರಿ. ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಅದರೊಳಗೆ ಹೋಗಿರುತ್ತವೆ. ಅಲ್ಲಿನ ಕೆಲವು ಫೈಲ್‌ಗಳು ಹೆಸರಿಗೆ ಮಾತ್ರ ಇರುತ್ತವೆ, ಒಳಗಿನ ಮಾಹಿತಿ ಆನ್‌ಲೈನ್‌ನಲ್ಲಿರುತ್ತದೆ. ಕಾಪಿ ಮಾಡುವಾಗ 'ಕ್ಲೌಡ್ ಫೈಲ್ ಪ್ರೊವೈಡರ್' ಓಡುತ್ತಿಲ್ಲ ಎಂಬ ತಪ್ಪು ಬಂದರೆ ಇದೇ ಕಾರಣ. ಆ ಫೈಲ್‌ಗಳನ್ನು ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆರೆದು ಡೌನ್‌ಲೋಡ್ ಮಾಡಿ.

ಮರೆತುಹೋಗುವುದು 'ಆಪ್‌ಡೇಟಾ' ಫೋಲ್ಡರ್. ಅದು ಮರೆಯಾಗಿರುತ್ತದೆ. 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಂಸ್' ಆನ್ ಮಾಡಿದರೆ ಕಾಣುತ್ತದೆ. ಫೈರ್‌ಫಾಕ್ಸ್ ಪ್ರೊಫೈಲ್ ಅದರ 'ರೋಮಿಂಗ್' ಒಳಗೆ 'ಮೊಝಿಲ್ಲಾ'ದಲ್ಲಿ, ಕ್ರೋಮ್‌ನ ಬುಕ್‌ಮಾರ್ಕ್‌ಗಳು 'ಲೋಕಲ್' ಒಳಗೆ 'ಗೂಗಲ್', 'ಕ್ರೋಮ್', 'ಯೂಸರ್ ಡೇಟಾ', 'ಡಿಫಾಲ್ಟ್' ಎಂಬ ಸಾಲಿನಲ್ಲಿ ಇರುತ್ತವೆ. ಸ್ಟಿಕಿ ನೋಟ್ಸ್‌ನ ಫೋಲ್ಡರ್ 'ಲೋಕಲ್' ಒಳಗಿನ 'ಪ್ಯಾಕೇಜಸ್'ನಲ್ಲಿದೆ. ಔಟ್‌ಲುಕ್ ಬಳಸುವವರು 'ಡಾಕ್ಯುಮೆಂಟ್ಸ್' ಒಳಗಿನ 'ಔಟ್‌ಲುಕ್ ಫೈಲ್ಸ್' ಮರೆಯಬೇಡಿ. ಕ್ರೋಮ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು ಮಾತ್ರ ಫೈಲ್ ಕಾಪಿ ಮಾಡಿದರೆ ಬರುವುದಿಲ್ಲ, ಅವು ನಿಮ್ಮ ಲಾಗಿನ್‌ಗೆ ಕಟ್ಟುಬಿದ್ದಿರುತ್ತವೆ.

ಇಎಫ್‌ಎಸ್ ಫೈಲ್ ಇದ್ದರೆ 'ರೋಮಿಂಗ್' ಒಳಗಿನ 'ಮೈಕ್ರೋಸಾಫ್ಟ್' ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಡಿ. ಕೀಗಳು ಅಲ್ಲಿರುತ್ತವೆ.

## ಹಂತ 8: ನಿಜವಾಗಿಯೂ ಬಂತಾ ಅಂತ ನೋಡಿ

ಹಳೆಯ ಫೋಲ್ಡರ್ ಮತ್ತು ಕಾಪಿ ಎರಡರ 'ಪ್ರಾಪರ್ಟೀಸ್' ಅಕ್ಕಪಕ್ಕ ತೆರೆದು ಫೈಲ್‌ಗಳ ಸಂಖ್ಯೆ ಮತ್ತು 'ಸೈಜ್' ಹೋಲಿಸಿ. 'ಸೈಜ್ ಆನ್ ಡಿಸ್ಕ್' ಬೇರೆಯಾಗಿರಬಹುದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಂಖ್ಯೆ ಕಡಿಮೆ ಇದ್ದರೆ ಒಳಗಿನ ಫೋಲ್ಡರ್‌ಗಳನ್ನು ಒಂದೊಂದಾಗಿ ಹೋಲಿಸುತ್ತಾ ಹೋಗಿ. ಹೆಸರು ತುಂಬಾ ಉದ್ದವಿರುವ ಫೈಲ್‌ಗಳು ಬಿಟ್ಟುಹೋಗಿರಬಹುದು, ಇಡೀ ವಿಳಾಸ 260 ಅಕ್ಷರ ಮೀರಿದರೆ ಎಕ್ಸ್‌ಪ್ಲೋರರ್ ತೊಡರುತ್ತದೆ. ಅಂಥ ಫೋಲ್ಡರ್‌ಗೆ ಚಿಕ್ಕ ಹೆಸರಿಟ್ಟು ಮತ್ತೆ ಕಾಪಿ ಮಾಡಿ.

ಆಮೇಲೆ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಿ, ಪ್ರತಿ ಫೋಲ್ಡರ್‌ನಿಂದ ಒಂದೆರಡು ಫೈಲ್ ತೆರೆಯಿರಿ. ಫೋಟೋ ಪೂರ್ತಿ ಕಾಣಬೇಕು, ವಿಡಿಯೋ ಕೊನೆವರೆಗೆ ಓಡಬೇಕು.

## ಹಂತ 9: ಈಗ ಪ್ರೊಫೈಲ್ ರಿಪೇರಿ

ಟೆಂಪರರಿ ಪ್ರೊಫೈಲ್ ತೊಂದರೆಗೆ ಮೊದಲು ಎರಡು ಮೂರು ಸಲ ರೀಸ್ಟಾರ್ಟ್ ಮಾಡಿ ನೋಡಿ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ.

ಆಗದಿದ್ದರೆ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಪಟ್ಟಿ ನೋಡಬೇಕು. ಇದನ್ನು ಬೇರೊಂದು ಅಡ್ಮಿನ್ ಅಕೌಂಟ್‌ನಿಂದಲೇ ಮಾಡಿ. 'ರಿಜಿಸ್ಟ್ರಿ ಎಡಿಟರ್' ತೆರೆದು, 'ಲೋಕಲ್ ಮಷೀನ್', 'ಸಾಫ್ಟ್‌ವೇರ್', 'ಮೈಕ್ರೋಸಾಫ್ಟ್', 'ವಿಂಡೋಸ್ ಎನ್‌ಟಿ', 'ಕರೆಂಟ್ ವರ್ಷನ್', 'ಪ್ರೊಫೈಲ್ ಲಿಸ್ಟ್' ಈ ಸಾಲಿನಲ್ಲಿ ಇಳಿಯಿರಿ. ಮುಟ್ಟುವ ಮೊದಲು 'ಪ್ರೊಫೈಲ್ ಲಿಸ್ಟ್' ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್' ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.

ಅಲ್ಲಿ ಎಸ್‌ಐಡಿಗಳ ಪಟ್ಟಿ ಇದೆ. ಉದ್ದನೆಯವನ್ನು ಒಂದೊಂದಾಗಿ ಕ್ಲಿಕ್ ಮಾಡಿ, ಬಲಗಡೆ 'ಪ್ರೊಫೈಲ್ ಇಮೇಜ್ ಪಾತ್' ಯಾವ ಫೋಲ್ಡರ್ ತೋರಿಸುತ್ತದೆ ನೋಡಿ. ಒಂದೇ ಸಂಖ್ಯೆ ಎರಡು ಸಲ ಇದ್ದು, ಒಂದರ ಕೊನೆಯಲ್ಲಿ ಚುಕ್ಕೆ ಮತ್ತು ಬಿ ಎ ಕೆ ಎಂಬ ಮೂರು ಅಕ್ಷರ ಇದ್ದರೆ, ಆ ಬಾಲ ಇರುವುದೇ ನಿಮ್ಮ ಅಸಲಿ ಪ್ರೊಫೈಲ್. ಬಾಲ ಇಲ್ಲದ್ದರ ಕೊನೆಗೆ ಬೇರೆ ಏನಾದರೂ ಸೇರಿಸಿ ಹೆಸರು ಬದಲಿಸಿ. ಆಮೇಲೆ ಅಸಲಿಯ ಬಾಲ ತೆಗೆಯಿರಿ. ಅದರೊಳಗೆ 'ಸ್ಟೇಟ್' ಮತ್ತು 'ರೆಫ್‌ಕೌಂಟ್' ಇದ್ದರೆ ಎರಡನ್ನೂ 0 ಮಾಡಿ. ರೀಸ್ಟಾರ್ಟ್ ಮಾಡಿ ನಿಮ್ಮ ಅಕೌಂಟ್‌ನಿಂದ ಲಾಗಿನ್ ಆಗಿ.

ಇದಾದ ಮೇಲೂ ಟೆಂಪರರಿ ಪ್ರೊಫೈಲೇ ಬಂದರೆ ಹಟ ಮಾಡಬೇಡಿ. ಹೊಸ ಅಕೌಂಟ್ ಮಾಡಿ, ಅದಕ್ಕೆ ಒಮ್ಮೆ ಲಾಗಿನ್ ಆಗಿ ಸೈನ್ ಔಟ್ ಮಾಡಿ, ಅಡ್ಮಿನ್ ಅಕೌಂಟ್‌ನಿಂದ ಫೈಲ್‌ಗಳನ್ನು ಅದರ ಫೋಲ್ಡರ್‌ಗೆ ಹಾಕಿ. 'ಎನ್‌ಟಿಯೂಸರ್' ಎಂದು ಶುರುವಾಗುವ ಫೈಲ್‌ಗಳನ್ನು ಮಾತ್ರ ಹಳೆಯದರಿಂದ ತರಬೇಡಿ. ಪ್ರೊಫೈಲ್ ಕೆಟ್ಟಿರುವುದು ಹೆಚ್ಚಾಗಿ ಆ ಫೈಲ್‌ನಲ್ಲೇ, ಅದನ್ನು ತಂದರೆ ಹೊಸದೂ ಕೆಡುತ್ತದೆ.

ಹಳೆಯ ಪ್ರೊಫೈಲ್ ಫೋಲ್ಡರನ್ನು ತಕ್ಷಣ ಅಳಿಸಬೇಡಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲ್ ವಾಪಸ್ ತರುವುದು ಬಹುತೇಕ ಆಗದ ಮಾತು. ಒಂದು ತಿಂಗಳಾದರೂ ಹೊಸ ಅಕೌಂಟ್‌ನಲ್ಲಿ ದಿನದ ಕೆಲಸ ಮಾಡಿ. ಅಷ್ಟರಲ್ಲಿ 'ಆ ಫೈಲ್ ಎಲ್ಲಿ' ಅಂತ ಹುಡುಕುವ ಪ್ರಸಂಗ ಬಂದೇ ಬರುತ್ತದೆ ಅಲ್ವಾ, ಆಗ ಹಳೆಯ ಫೋಲ್ಡರ್ ಇರಬೇಕು. ಈ ತಿಂಗಳಲ್ಲೇ ಎರಡನೆಯ ಅಡ್ಮಿನ್ ಅಕೌಂಟ್ ಒಂದನ್ನು ಮಾಡಿಟ್ಟು, ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆದು ಕಂಪ್ಯೂಟರ್‌ನಿಂದ ದೂರದ ಜಾಗದಲ್ಲಿ ಇಡಿ.